ಸಿಪ್ಪೆಗೆ ನಾಲ್ಕು ಗಂಟೆ

ಕಸದಿಂದ ರಸ ಎಂದು ಸಲೀಸಾಗಿ ಹೇಳಿಬಿಡುತ್ತಾರೆ.
ಕಸಕ್ಕೂ ರಸಕ್ಕೂ ನಡುವೆ
ಕಾಮಾವ್‌ನ ಅರವತ್ತೆರಡು ಕಿಲೋಮೀಟರು ಕೆಸರುನೀರಿದೆ.
ಆ ನಡುವಿನದು ನನ್ನ ಕೆಲಸ.

ಸಿಗಡಿ ಸುಲಿಯುವ ಶೆಡ್ಡುಗಳು ಮೂವತ್ತೊಂದು, ನಕ್ಷೆಯ ಮೇಲೆ ಕೆಂಪು ಚುಕ್ಕಿ.
ಕಾರ್ಖಾನೆ ಒಂದೇ, ನೀಲಿ ಚೌಕ.
ಅಲ್ಲಿ ಸಿಪ್ಪೆ ಆಮ್ಲದಲ್ಲಿ ಮಿಂದು ಕ್ಷಾರದಲ್ಲಿ ಬೆಂದು
ಬಿಳಿ ಹುಡಿಯಾಗುತ್ತದೆ:
ಗಾಯದ ಪಟ್ಟಿಗೆ, ಬೀಜದ ಲೇಪಕ್ಕೆ, ಕೊಳೆನೀರು ತಿಳಿಯಾಗಲಿಕ್ಕೆ.
ಸುಲಿದ ಸಿಪ್ಪೆಗೆ ಈ ಸೆಕೆಯಲ್ಲಿ ಆಯುಸ್ಸು ನಾಲ್ಕು ಗಂಟೆ.
ಐದನೆಯದಕ್ಕೆ ನಾತ,
ಆರನೆಯದಕ್ಕೆ ನೊಣಗಳ ಪಾಲು.

ಮೂರು ರಾತ್ರಿ ಲೆಕ್ಕ ಓಡಿತು. ಬೆಳಗಿನ ಜಾವ ಉತ್ತರ:
ಆರು ದೋಣಿ, ಎರಡು ತಂಗುಕಟ್ಟೆ, ಗೆರೆಗಳೆಲ್ಲ ನೇರ, ಖರ್ಚು ಕನಿಷ್ಠ.
ಮದುವೆ ಕಾಗದದಂತೆ ಎಲ್ಲರಿಗೂ ಹಂಚಿದೆ.

ಉತ್ ಥಾಮ್ ಓದಲಿಲ್ಲ. ನಕ್ಷೆಯನ್ನು ತಲೆಕೆಳಗು ಹಿಡಿದಳು;
ಅವಳಿಗೆ ದಕ್ಷಿಣ ಮೇಲಿರಬೇಕು, ಸಮುದ್ರ ಬರುವುದು ಅಲ್ಲಿಂದಲ್ಲವೆ?
ಉಗುರಿನಿಂದ ನನ್ನ ಗೆರೆಯೊಂದನ್ನು ಕೆರೆದಳು:
"ಅಷ್ಟಮಿಗೆ ಉಬ್ಬರ ಇಲ್ಲಿತನಕ ಏರೋದಿಲ್ಲ ಮಗಳೇ.
ಇದು ಕಾಲುವೆಯಲ್ಲ ಆಗ, ಏಡಿಗಳ ಅಂಗಳ."
"ಎಷ್ಟು ದಿನ?"
"ನಾಲ್ಕೈದು. ತಿಂಗಳಿಗೆ ಎರಡು ಸಲ."
ನನ್ನ ಲೆಕ್ಕದಲ್ಲಿ ಚಂದ್ರನಿಗೆ ಅಂಕಣವೇ ಇರಲಿಲ್ಲ.

"ಮತ್ತೆ ನನ್ನ ಬಾತುಕೋಳಿಯವರು?"
ಇಪ್ಪತ್ತು ವರ್ಷದಿಂದ ಇದೇ ಸಿಪ್ಪೆಯನ್ನು ಬುಟ್ಟಿಗಿಷ್ಟೆಂದು
ಅವರ ಬಾಗಿಲಿಗೆ ಮುಟ್ಟಿಸುತ್ತ ಬಂದವಳು.
ಅವರಿಗೂ ಇರಲಿಲ್ಲ.
ಕಸವೆಂದರೆ ಯಾರಿಗೂ ಬೇಡದ್ದೆಂದು ಮೊದಲ ಸಾಲಿನಲ್ಲೇ ಬರೆದಿದ್ದೆ.
ಬೆಲೆ: ಸೊನ್ನೆ.

ಅಷ್ಟಮಿಯಂದು ಹಟಕ್ಕೆ ಬಿದ್ದು ಅವಳ ಜೊತೆ ಹೊರಟೆ.
ದೋಣಿ ಕೂತಿತು. ಕೂತೇ ಇತ್ತು.
ಗುಲಾಬಿ ರಾಶಿ ಕಣ್ಣೆದುರೇ ಕಂದಿತು,
ನಾಲ್ಕು ಗಂಟೆ ಎಂಬ ಅಂಕಿ ಮೂಗಿಗೆ ಬಡಿಯಿತು.
ಅವಳು ವೀಳ್ಯ ಜಗಿಯುತ್ತ, ಕಾಂಡ್ಲಾ ಬೇರುಗಳನ್ನು ನೋಡುತ್ತ, ಎತ್ತಲೋ ಹೇಳಿದಳು:
"ಮಾಮ್ ಹಾಕುವಾಗ ನಾವು ಬೆಲ್ಲ ಹಾಕಿ ಮುಚ್ಚಳ ಬಿಗಿಯುತ್ತೇವೆ.
ಹುಳಿ ಬಂದದ್ದು ಕೊಳೆಯೋದಿಲ್ಲ."

ಈಗ ಪ್ರತಿ ಶೆಡ್ಡಿಗೂ ಒಂದು ಡ್ರಮ್ಮು, ಒಂದು ಡಬ್ಬ ಕಾಕಂಬಿ.
ಮುಚ್ಚಳದಡಿ ಸಿಪ್ಪೆ ಹುಳಿತು ಹತ್ತು ದಿನ ಕಾಯುತ್ತದೆ.
ಮೂರು ಡ್ರಮ್ಮು ಕೆಟ್ಟವು. ಒಂದು ಸಿಡಿಯಿತು,
ಮೇಸ್ತ್ರಿ ಬೈದ.
ಗೆರೆಗಳು ಸೊಟ್ಟಗಾಗಿವೆ, ಖರ್ಚು ನೂರಕ್ಕೆ ಹನ್ನೊಂದು ಹೆಚ್ಚಿದೆ,
ಎಂಟರಲ್ಲಿ ಒಂದು ಬುಟ್ಟಿ ಬಾತುಗಳ ಕಡೆ ಹೋಗುತ್ತದೆ.

ಸೈಗಾನಿನಿಂದ ಕೇಳಿದ್ದಾರೆ:
ಹದಿನೇಳನೇ ಸಾಲಿನಲ್ಲಿ ಈ 'ಬಾತು' ಏನು?
ಉತ್ತರ ಇನ್ನೂ ಬರೆದಿಲ್ಲ.
ಎರಡು ಸಲ ಮಿಂದರೂ ಕೂದಲಿನ ನಾತ ಹೋಗಿಲ್ಲ.
ಇವತ್ತು ಸಪ್ತಮಿ.