ಮೂರನೆಯ ಬಕೀಟು

ಸೇಡಂ ರಸ್ತೆಯ ನಮ್ಮ ಹಾಸ್ಟೆಲಿಗೆ
ಏಪ್ರಿಲಿನಲ್ಲಿ ವಾರಕ್ಕೆರಡೇ ಟ್ಯಾಂಕರು.
ನಲವತ್ತಾರು ಮಂದಿ ನಾವು.
ಶಹಾಬಾದಿ ಫರಸಿ ನಡುರಾತ್ರಿಯಲ್ಲೂ
ಈಗಷ್ಟೇ ಒಲೆಯಿಂದಿಳಿಸಿದ ಹಂಚು;
ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿದರೆ
ಮಾಳಿಗೆಯದೂ ಅದೇ ಮಾತು.

ಮುಖ್ಯಸ್ಥನನ್ನು ಆರಿಸಿದ್ದು ಜುಲೈಯಲ್ಲಿ,
ಟಾಕಿ ತುಂಬಿ ಚೆಲ್ಲುತ್ತಿದ್ದಾಗ,
ಯಾರು ಬೇಕಾದರೂ ದೊಡ್ಡ ಮನುಷ್ಯರಾಗಬಹುದಾಗಿದ್ದಾಗ.
ಶರಣಗೌಡ ಭಾಷಣ ಮಾಡಿದ:
ನಾವು ಒಂದೇ ಗಂಗಾಳದಲ್ಲಿ ಉಂಡವರು, ಒಂದೇ ಮಾತಿನವರು.
ಚಪ್ಪಾಳೆ ಹೊಡೆದೆವು, ಅವನು ಕೊಡಿಸಿದ ಮಿರ್ಚಿ ತಿಂದೆವು,
ಓಟು ಬಕ್ಕಪ್ಪನಿಗೆ ಹಾಕಿದೆವು.
ಔರಾದ ಕಡೆಯ ಹುಡುಗ. ಮಾತು ಕಡಿಮೆ.
ಬಲ್ಬು ಯಾರ ಕೋಣೆಯಲ್ಲಿ ಹೋದರೂ
ಸ್ಟೂಲು ಹೊತ್ತು ಬರುವವನು ಅವನೇ.

"ತಲಿಗೆ ಎರಡು ಬಕೀಟು,"
ಅಂದ ಬಕ್ಕಪ್ಪ, ಊಟದ ಹಾಲಿನಲ್ಲಿ.
"ಫೈನಲ್ ಇಯರ್ ಇರ್ಲಿ, ನಿನ್ನೆ ಬಂದವ ಇರ್ಲಿ.
ಅಡಿಗಿ ಸಾಬಮ್ಮಗ ಮೊದಲ ಪಾಳಿ.
ಮೂರನೇದು ತೊಗೊಂಡವ ಹತ್ತು ರೂಪಾಯಿ ಇಟ್ಟು
ಎಲ್ಲರ ಮುಂದ ನಿಂತು ಹೇಳಬೇಕು."
ಮೌಲಾಲಿ ಕೈ ಎತ್ತಿದ: "ಜುಮ್ಮಾ ದಿನ?"
"ಜುಮ್ಮಾಕ್ಕೂ ಎರಡೇ, ಅಮಾಸಿಗೂ ಎರಡೇ."
ನಕ್ಕೆವು. ಠರಾವು ಪಾಸಾಯಿತು.

ಲೆಕ್ಕ ಇಡುವ ಕೆಲಸ ನನ್ನ ಕೊರಳಿಗೆ ಬಿತ್ತು.
ಟಾಕಿಯ ಗೋಡೆಗೆ ನಲವತ್ತಾರು ಹೆಸರು,
ಹೆಸರಿನ ಮುಂದೆ ಸುಣ್ಣದ ಗೆರೆ.
ಒಂದೇ ಅಂಗಿಯನ್ನು ತಿರುವಿ ಹಾಕುವುದು ಕಲಿತೆವು,
ಪಕ್ಕದವನ ಬೆವರಿಗೆ ಮೂಗು ಮುರಿಯದಿರುವುದನ್ನೂ.
ಶರಣಗೌಡ ತನ್ನ ಎರಡನೆಯದರಲ್ಲಿ ಅರ್ಧ
ಜ್ವರ ಬಂದ ಮಾಳಪ್ಪನ ತಲೆಗೆ ಸುರಿದ.
ಆವತ್ತು ಭಾಷಣ ಮಾಡಲಿಲ್ಲ.

ಹದಿನೇಳನೆಯ ತಾರೀಖು, ರಾತ್ರಿ ಎರಡು.
ನೀರಿನ ಸಪ್ಪಳಕ್ಕೆ ಎದ್ದು ಹೋದೆ.
ಬಕ್ಕಪ್ಪ.
ಅವನ ಎರಡು ಗೆರೆ ಸಂಜೆಯೇ ಮುಗಿದಿದ್ದವು.
ಕಣ್ಣು ಮುಚ್ಚಿ, ಬಾಯಿ ತೆರೆದು,
ಮೂರನೆಯದನ್ನು ನೆತ್ತಿಯ ಮೇಲೆ
ನಿಧಾನ, ನಿಧಾನ ಬಗ್ಗಿಸುತ್ತಿದ್ದ.
ಅಷ್ಟು ಸುಖದಲ್ಲಿದ್ದ ಮುಖವನ್ನು
ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.
ಕಂಬದ ಮರೆಗೆ ಸರಿದೆ,
ಕಳ್ಳ ನಾನೇ ಅನ್ನುವ ಹಾಗೆ.

ಬೆಳಿಗ್ಗೆ ಗೆರೆ ಎಳೆಯಲಿಲ್ಲ.
ಬಕ್ಕಪ್ಪ ಗೋಡೆ ನೋಡಿದ, ನನ್ನ ನೋಡಿದ,
ಹಲ್ಲುಜ್ಜುತ್ತ ಹೋದ.

ಮಧ್ಯಾಹ್ನ ಪುಂಡಿಪಲ್ಯ, ರೊಟ್ಟಿ, ತಾಟುಗಳ ಗದ್ದಲ.
ಎದ್ದು ನಿಂತ.
"ರಾತ್ರಿ ಮೂರನೇ ಬಕೀಟು ನಾ ತೊಗೊಂಡೀನಿ."
ಯಾಕೋ? ಯಾರೋ ಕೇಳಿದರು.
ಒಂದು ಕಾರಣ ಕೊಡಲಿ ಎಂದು ಎಲ್ಲರೂ ಕಾದೆವು.
ತಲೆಸುತ್ತು, ವಾಂತಿ, ಏನಾದರೂ.
ಕೊಟ್ಟಿದ್ದರೆ ನಂಬಿಬಿಡುತ್ತಿದ್ದೆವು.
"ಧಗಿ ತಡೀಲಿಲ್ಲೊ," ಅಂದ.
ಹತ್ತರ ನೋಟು ತಾಟಿನ ಬದಿಗಿಟ್ಟ.
ಜೇಬು ತಡಕಿ ಇನ್ನೊಂದು ಹತ್ತು ತೆಗೆದ:
"ಇದು ಗೆರಿ ಹಾಕದವಂದು. ಆಮ್ಯಾಲ ಅವ ನನಗ ಕೊಡ್ತಾನ."

ಸುಣ್ಣ ಯಾರ ಕೈಯಲ್ಲಿತ್ತೆಂದು ಎಲ್ಲರಿಗೂ ಗೊತ್ತು.
ಒಂದು ಮುಖವೂ ನನ್ನ ಕಡೆ ತಿರುಗಲಿಲ್ಲ.
ಸಾಬಮ್ಮ ಮಾತ್ರ ಬಿಸಿ ರೊಟ್ಟಿ ಹಾಕಿ
"ಉಣ್ಣೊ ಯಪ್ಪಾ" ಅಂದಳು.

ಸಂಜೆ ಹೋಗಿ ಬಕ್ಕಪ್ಪನ ಹೆಸರಿನ ಮುಂದೆ
ಮೂರನೆಯ ಗೆರೆ ಎಳೆದೆ.
ತುಸು ಒತ್ತಿಯೇ ಎಳೆದೆ; ಸುಣ್ಣ ಮುರಿಯಿತು.

ಮುಂದಿನ ಜುಲೈಯಲ್ಲಿ ನನ್ನನ್ನು ನಿಲ್ಲಿಸಿದರು.
ಎರಡು ಮಾತು ಆಡು ಅಂದರು, ಬಾಯಿ ಕಟ್ಟಿತು.
ಸ್ಟೂಲು ಎಲ್ಲಿಟ್ಟೀರಿ ಎಂದು ಕೇಳಿ ಕೂತೆ.

ಆ ಹತ್ತು ರೂಪಾಯಿ ಇನ್ನೂ ಕೊಟ್ಟಿಲ್ಲ.
ಹುಮನಾಬಾದಿನ ಯಾವುದೋ ಗೋದಾಮಿನಿಂದ
ವರ್ಷಕ್ಕೊಮ್ಮೆ ಫೋನು ಮಾಡುತ್ತಾನೆ.
ಕಳಿಸಲೇನೋ ಅಂದರೆ
"ಇರ್ಲಿ ಬಿಡು, ಬಾಕಿ ಇರ್ಲಿ," ಅನ್ನುತ್ತಾನೆ,
ಆಮೇಲೆ ಕೇಳುತ್ತಾನೆ, ಪ್ರತಿ ಸಲ,
"ನಿಮ್ಮ ಕಡಿ ನೀರು ಹ್ಯಾಂಗ ಅದ?"