ದೂರ ಹೊರಟ್ರಾ

ಬಾಣಸವಾಡಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ
ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಬಿಳಿ ಬೋರ್ಡು.
ಫಿಲೋಮಿನಾ ಮಿಸ್ ಬರೆದು ತೋರಿಸಿದರು:
ನೇರ ಕೇಳಿದರೆ ‘ಆರ್’ ‘ಯು’ವನ್ನು ತಳ್ಳಿ ಮುಂದೆ ನಿಲ್ಲುತ್ತೆ,
ವೇರ್ ಆರ್ ಯು ಗೋಯಿಂಗ್.
ಮೊದಲಿಗೆ ‘ಮೇ ಐ ನೋ’ ಅಂದಿರೋ
ತೆಪ್ಪಗೆ ಹಿಂದಿನ ಸೀಟಿಗೆ ಹೋಗುತ್ತೆ,
ಮೇ ಐ ನೋ ವೇರ್ ಯು ಆರ್ ಗೋಯಿಂಗ್.

ಬ್ಯೂಟಿ ಪಾರ್ಲರಿನ ಶಬೀನಾ ಬೇಗ ಹಿಡಿದಳು.
ನನ್ನ ‘ಆರ್’ ಮಾತ್ರ ಜಗ್ಗುವುದಿಲ್ಲ,
ಫುಟ್‌ಬೋರ್ಡಿಗೆ ಜೋತುಬಿದ್ದ ಹುಡುಗನ ಹಾಗೆ,
ಕಂಡಕ್ಟರ್ ಎಷ್ಟು ಕೂಗಿದರೂ.

ಹೊರಮಾವಿನ ಗೇಟಿನಲ್ಲಿ ನನ್ನ ಕೆಲಸವೇ ಈ ಪ್ರಶ್ನೆ.
ನೇರ ಕೇಳಿದ್ದಕ್ಕೆ ಬಿ-ಬ್ಲಾಕಿನವರು ಕಂಪ್ಲೇಂಟು ಕೊಟ್ಟರು.
ಕಲಿತು ಬಾ, ಇಲ್ಲಾಂದ್ರೆ ಬೇಸ್‌ಮೆಂಟು ಅಂದ ಸೂಪರ್‌ವೈಸರು.

ನಮ್ಮಜ್ಜಿಯೂ ಬಿಡುತ್ತಿರಲಿಲ್ಲ.
ಹೊರಟವರನ್ನ ಎಲ್ಲಿಗೆ ಅಂದರೆ ತಲೆಗೆ ಮೊಟಕುತ್ತಿದ್ದಳು:
ಹೋದ ಕೆಲಸ ಕೆಡುತ್ತೆ ಕಣೋ ಚಲುವರಾಜ,
ದೂರ ಹೊರಟ್ರಾ ಅನ್ನು. ಹೇಳೋರು ಹೇಳ್ತಾರೆ.
ಅಜ್ಜಿಗೆ ಎಬಿಸಿಡಿ ಬರುತ್ತಿರಲಿಲ್ಲ.

ನಿನ್ನೆ ರಾತ್ರಿ ಎರಡೂ ಕಾಲು.
ಹೋಂವರ್ಕಿನ ಏಳನೇ ವಾಕ್ಯದಲ್ಲಿದ್ದೆ.
ಸಿ-ನಾನೂರ ಮೂರರ ಮೇಡಂ,
ಹೆಗಲ ಮೇಲೆ ನಿದ್ದೆಗಣ್ಣಿನ ಮಗು,
ಒಂದು ಚಕ್ರ ಕಿತ್ತುಹೋದ ಸೂಟ್‌ಕೇಸು,
ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ.

ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ, ಎಲ್ಲಿಗೆ.
ಬಾಯಲ್ಲಿ ‘ಮೇ ಐ ನೋ’ ಸಿದ್ಧವಾಗಿತ್ತು,
ಬಸ್ಸಿನಲ್ಲಿ ಉರು ಹೊಡೆದದ್ದು.
ಹೊರಗೆ ಬಂದದ್ದು ಅಜ್ಜಿ:
ದೂರ ಹೊರಟ್ರಾ ಮೇಡಂ?

ಐ ಡೋಂಟ್ ನೋ ವೇರ್ ಐ ಆಮ್ ಗೋಯಿಂಗ್
ಅಂದರು, ನನಗಲ್ಲ, ಮಗುವಿನ ಕೂದಲಿಗೆ.

ನಾಚಿಕೆಯಾಗಬೇಕು,
ಆ ಹೊತ್ತಲ್ಲೂ ನಾನು ನೋಡಿದ್ದು
‘ಆಮ್’ ಎಲ್ಲಿ ಕೂತಿದೆ ಅಂತ.
ತನ್ನ ಸೀಟಲ್ಲೇ ಕೂತಿತ್ತು.

ಆಟೋ ಬರೋ ತನಕ ನನ್ನ ಕುರ್ಚಿ ಕೊಟ್ಟೆ.
ಫ್ಲಾಸ್ಕಿನ ಟೀ ಮುಟ್ಟಲಿಲ್ಲ.
ಇಂಥ ವಾಕ್ಯಕ್ಕೆ ಪ್ರಶ್ನೆಚಿಹ್ನೆ ಬೇಡ, ಚುಕ್ಕಿ ಸಾಕು
ಅಂದಿದ್ದರು ಮಿಸ್. ಕಾಲಂನಲ್ಲಿ ಅದನ್ನೇ ಇಟ್ಟೆ.
ಆಟೋ ಎಡಕ್ಕೆ ತಿರುಗಿತೋ ಬಲಕ್ಕೋ,
ಬೂಟಿನ ಲೇಸು ಕಟ್ಟುತ್ತಾ ಕೂತುಬಿಟ್ಟೆ.

ಐದೂವರೆಗೆ ಸಾರ್ ಬನಿಯನ್ನಿನಲ್ಲೇ ಇಳಿದು ಬಂದರು.
ನೇರವಾಗಿಯೇ ಕೇಳಿದರು, ಕಾಲರ್ ಹಿಡಿದು.

ಐ ಡೋಂಟ್ ನೋ ಸಾರ್,
ಅಂದೆ, ಒಂದು ಉಸಿರು ಬಿಟ್ಟು,
ವೇರ್ ಶಿ ಹ್ಯಾಸ್ ಗಾನ್.

ಮಿಸ್, ‘ಹ್ಯಾಸ್’ ಅನ್ನು ನಾನು ತಳ್ಳಲಿಲ್ಲ.
ತಾನಾಗೇ ಹಿಂದೆ ಹೋಗಿ ಕೂತಿತು.