ಮೂರು ಚುಕ್ಕಿ

ಸುರುವಾದದ್ದು ಮಗಳ ಜಾತಿ ಪ್ರಮಾಣಪತ್ರದಿಂದ.
ಮುತ್ಯಾನ ಶಾಲಿ ದಾಖಲಿ ತರ್ರಿ, ಅಂದ ಚಿಟಗುಪ್ಪದ ಗುಮಾಸ್ತ.
ತಂದೆ.
ಮಗಳಿಗೆ ಸೀಟು ಸಿಕ್ಕಿತು, ನೌಕರಿ ಸಿಕ್ಕಿತು,
ಗಂಡ ಸಿಕ್ಕ, ಕೂಸಿನ ಜಾವಳವೂ ಮುಗಿಯಿತು.
ನಾನು ಇನ್ನೂ ದಾಖಲಿ ಹುಡುಕುತ್ತಿದ್ದೇನೆ.

ಕಸ್ತೂರಬಾಯಿ ಅಂತಾಳೆ: ಜರ್ದಾ ಬಿಟ್ಟು ಇದನ್ನ ಹಿಡದೀರಿ,
ಜರ್ದಾನೇ ಚೊಲೋ ಇತ್ತು, ಉಗುಳಿದರ ಮುಗೀತಿತ್ತು.

ಖರೇ. ಹುಮನಾಬಾದ ಡಿಪೋದಲ್ಲಿ ಬಸ್ಸಿನ ವೇಳೆ ಬರೆಯುವವನು ನಾನು.
ಔರಾದ ಗಾಡಿ ಎಷ್ಟಕ್ಕರೀ ಎಂದು ಯಾರೋ ಕೇಳಿದರೆ
ಫಸಲಿ ಹದಿಮೂರ್ನೂರ ಹನ್ನೆರಡು ಅಂದುಬಿಟ್ಟೆ ಒಮ್ಮೆ.
ಕಂಡಕ್ಟರು ನಕ್ಕ. ನನಗೆ ನಗೆ ಬರಲಿಲ್ಲ:
ಆ ವರ್ಷವೇ ನಮ್ಮ ಹೊಲ ಕಾಗದದೊಳಗೆ ಬಂದದ್ದು.

ಸಾಕು ಎಂದು ಬಿಗಿದ ಕೆಂಪು ಬಸ್ತಾವನ್ನು
ಸಂಜೆ ಐದಕ್ಕೆ ಮತ್ತೆ ಬಿಚ್ಚುತ್ತೇನೆ.
ರಿಕಾರ್ಡು ಕೋಣೆಯ ಜವಾನ ಕೀಲಿ ಕುಣಿಸುತ್ತ ನಿಂತಿರುತ್ತಾನೆ.
ಒಂದೇ ಹಾಳಿ, ಅನ್ನುತ್ತೇನೆ,
ಕುಡುಕ ಒಂದೇ ಗ್ಲಾಸು ಅನ್ನುವ ಹಾಗೆ.

ದಫ್ತರವೆಲ್ಲ ಉರ್ದು; ನನಗೆ ಬಾರದು.
ಓದುವವರು ವಾಜೀದ್ ಮಾಸ್ತರು. ಎಂಬತ್ತೊಂದು ವಯಸ್ಸು,
ಒಂದು ಕಣ್ಣಿಗೆ ಮೋತಿಬಿಂದು, ಇನ್ನೊಂದಕ್ಕೆ ಭೂತಗನ್ನಡಿ.
ಫೀಸು: ಎರಡು ಮಿರ್ಚಿ ಭಜಿ, ಅರ್ಧ ಕಪ್ಪು ಚಹಾ,
ಮತ್ತೆ ನಡುವೆ ಅವರ ಅಜ್ಜನ ಮಾತು ಬಂದರೆ ಸುಮ್ಮನೆ ಕೇಳುವುದು.
ಬಿದ್ರಿ ಹೂಜಿಗೆ ಬೆಳ್ಳಿ ತಂತಿ ಕೂರಿಸುತ್ತಿದ್ದರಂತೆ ಅಜ್ಜ,
ಕೋಟೆಯ ಮಣ್ಣನ್ನು ನಾಲಗೆಗಿಟ್ಟು ರುಚಿ ನೋಡಿ ಆರಿಸುತ್ತಿದ್ದರಂತೆ.
ಅವರ ಹೆಸರೂ ಹುಡುಕೋಣರಿ, ಅಂದೆ.
ಹೊಲ ಇಲ್ಲದವರ ಹೆಸರು ಎಲ್ಲಿ ಬರೀತಾರಪ್ಪ,
ಅಂದು ಹಾಳೆ ತಿರುವಿದರು.

ಹೋದ ಮಂಗಳವಾರ ಮುತ್ಯಾನ ಮುತ್ಯಾ ಸಿಕ್ಕ.
ಸರ್ವೆ ನಂಬರು ನಮ್ಮದೇ, ಬದುವಿನ ಹುಣಸೆಮರ ನಮ್ಮದೇ,
ಒಂದು ರೂಪಾಯಿ ಆರಾಣೆ ಬಾಕಿ,
ಅದೂ ನಮ್ಮದೇ ಚಾಳಿ.
ಹೆಸರು?

ಮಾಸ್ತರು ಕನ್ನಡಿ ಹತ್ತಿರ ತಂದರು, ದೂರ ಒಯ್ದರು.
ಕೆಳಗ ಮೂರು ಚುಕ್ಕಿ ಅವ.
ಮೂರೂ ಮೊದಲಿನ ಅಕ್ಷರದವಾದರ ಪೀರಪ್ಪ.
ಒಂದು ಇದರದು, ಎರಡು ಬಾಜೂದರವಾದರ ಬೀರಪ್ಪ.
ಬರದಾಂವಗ ಊಟದ ಅವಸರ ಇರಬೇಕು.
ಆಮೇಲೆ ಮೆಲ್ಲಗೆ:
ಒಂದು ನೊಣದ್ದೂ ಇರಬಹುದು.

ನೂರಿಪ್ಪತ್ತು ವರ್ಷದ ಹಿಂದಿನ ಒಂದು ನೊಣ
ನನ್ನ ಎದೆಯ ಮೇಲೆ ಬಂದು ಕೂತಿತು.

ಮಾರುತೆಪ್ಪ ಕಾಕಾ ತೊಡೆ ತಟ್ಟಿದ:
ಬೀರಪ್ಪನೇ! ಕುರಿ ಕಾಯೋರ ಮನ್ಯಾಗ ಮತ್ತೇನಿಡ್ತಾರ?
ಗುಂಡಮ್ಮತ್ತಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.
ನಮ್ಮವ್ವ ಮೊಹರಮ್ಮಿಗೆ ತಪ್ಪದೆ ಅಲಾವಿಗಿ ಚೊಂಗೆ ಒಯ್ತಿದ್ದಳು.
ಯಾಕಬೇ ಅಂತ ಕೇಳಿದರ,
ಪೀರಗೋಳು ನಮ್ಮೊಳಗ ಒಬ್ಬಗ ಉಳಿಸಿಕೊಟ್ಟಾರ, ಅಂತಿದ್ದಳು.
ಯಾರಿಗಂತ ಆಕಿಗೂ ಗೊತ್ತಿದ್ದಿಲ್ಲ.
ಒಂದು ಹರಳು ಸಿಕ್ಕಿತು; ಅಂಗಳಕ್ಕೆ ಎಸೆದಳು.
ಕಾಕಾ ಟವೆಲ್ ಕೊಡವಿ ಎದ್ದುಹೋದ.

ಹೆಳವ ಬಂದಾಗ ಅವನನ್ನೂ ಕೇಳಿದೆ.
ಎತ್ತಿನ ಮೇಲಿಂದ ಇಳಿಯದೆ ಕಣ್ಣು ಮುಚ್ಚಿ
ಇಬ್ಬರೂ ಇದ್ದರು, ಅಣ್ಣತಮ್ಮರು, ಅಂದ;
ಎರಡು ವಂಶ ಹೊಗಳಿದ ಲೆಕ್ಕದಲ್ಲಿ
ಎರಡು ಪಾಲು ಜೋಳ ಕೇಳಿದ.
ಕೊಟ್ಟೆ. ಕೊಡುವಾಗ ಕೈಗೆ ಸುಖವಾಯಿತು, ಸುಳ್ಳೇಕೆ.

ರಾತ್ರಿ ನೋಟುಬುಕ್ಕು ತೆರೆದು ಕೂತೆ.
ಬ ಬರೆದರೆ ಒಬ್ಬ ಸಾಯುತ್ತಾನೆ,
ಪ ಬರೆದರೆ ಇನ್ನೊಬ್ಬ.
ಡಿಪೋದ ಲಾಗ್‌ಶೀಟಿನಲ್ಲಿ ಎಂದೂ ಕೈ ತಡೆದವನಲ್ಲ ನಾನು.
ಕೊನೆಗೆ ಮೊದಲ ವ್ಯಂಜನವನ್ನೇ ಬಿಟ್ಟು
ಉಳಿದದ್ದನ್ನು ಬರೆದು ಮಲಗಿದೆ.

ಬೆಳಿಗ್ಗೆ ಕಸ್ತೂರಬಾಯಿ ಚಹಾ ಇಡಲು ಬಂದು ಓದಿದಳು:
ಈರಪ್ಪ!
ಇವನ್ಯಾರರೀ ಮತ್ತೊಬ್ಬ?

ಚಹಾ ಆರುತ್ತಿತ್ತು.
ಈರಪ್ಪ ಎಂಬವನೂ ಇದ್ದಿರಬಹುದಲ್ಲ,
ಬೇರೆ ಬಸ್ತಾದಲ್ಲಿ, ಬೇರೆ ಹುಣಸೆಮರದ ಕೆಳಗೆ...
ನಾಳೆಗೆ ರಜೆ ಹಾಕಿದ್ದೇನೆ.